ರಾಮನಗರದಲ್ಲಿ ವಾಸಿಯಾಗುವ ಕಾಯಿಲೆ

ದೊಡ್ಡ ದೊಡ್ಡ ಡಾಕ್ಟರುಗಳು ಕೈಚೆಲ್ಲಿದ ಕಾಯಿಲೆಯೊಂದನ್ನು ನಮ್ಮ ಸರ್ಕಾರ ಸದ್ದಿಲ್ಲದೆ ವಾಸಿ ಮಾಡುತ್ತಿದೆ. ಯಾವ ಪೇಪರಿನಲ್ಲೂ ಇದು ಬಂದಿಲ್ಲ. ಮಾತ್ರೆ ಬೇಡ, ಆಪರೇಷನ್ ಬೇಡ. ಮೈಸೂರಿನಲ್ಲಿ ಕೆಂಪು ಬಸ್ ಹತ್ತಿ ಬೆಂಗಳೂರಿನ ಕಡೆ ಹೊರಟರೆ ಸಾಕು. ರಾಮನಗರದ ಹತ್ತಿರ ಬರುವಷ್ಟರಲ್ಲಿ ಗುಣ.

ನಮ್ಮಕ್ಕನ ಮಗ ಪುಟ್ಟನಿಗೆ ಈಗ 15 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತದಲ್ಲಿಲ್ಲ. ನಡೆಯುವುದಿಲ್ಲ, ಮಾತಿಲ್ಲ, ನಗು ಮಾತ್ರ ಧಾರಾಳ. ಅಕ್ಕನ ಮನೆ ಇರುವುದು ಮೈಸೂರಿನ ಶ್ರೀರಾಂಪುರದಲ್ಲಿ. ಫಿಟ್ಸ್ ಜಾಸ್ತಿಯಾದಾಗೆಲ್ಲ ಅವನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬೇಕು. ಸರ್ಕಾರ ದೊಡ್ಡ ಮನಸ್ಸು ಮಾಡಿ ಅವನಿಗೊಂದು ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಕೊಟ್ಟಿದೆ. ಆ ಪಾಸಿನಲ್ಲಿ ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 145.

ಈಗ ಲೆಕ್ಕ ಹಾಕಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಪುಟ್ಟ ಅಂಗವಿಕಲ. ಮಂಡ್ಯದಲ್ಲೂ ಅಂಗವಿಕಲ. ಮದ್ದೂರಿನಲ್ಲಿ ವಡೆಯವನು ಕಿಟಕಿಯ ಹತ್ತಿರ ಬಂದು ಕೂಗುವಾಗಲೂ ಅಂಗವಿಕಲನೇ. ಚನ್ನಪಟ್ಟಣದ ಮರದ ಗೊಂಬೆಗಳನ್ನು ನೋಡಿ ನಗುತ್ತಾನಲ್ಲ, ಆಗಲೂ ಹಾಗೇ ಇರುತ್ತಾನೆ. ಆಮೇಲೆ ರಾಮನಗರದ ಬಂಡೆಗಳು ಕಾಣಿಸುತ್ತವೆ ನೋಡಿ, ಅಲ್ಲಿಗೆ ಮುಗಿಯಿತು. ಕಲ್ಲಾಗಿ ಬಿದ್ದಿದ್ದ ಅಹಲ್ಯೆಯನ್ನು ರಾಮನ ಪಾದ ಎಬ್ಬಿಸಿತಂತೆ. ಊರಿನ ಹೆಸರಿನಲ್ಲೇ ರಾಮ ಇದ್ದಾನೆ, ಒಬ್ಬ ಹುಡುಗನನ್ನು ಎಬ್ಬಿಸುವುದೇನು ಮಹಾ? ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರಲ್ಲಿ ಸಂಪುಟ ಒಪ್ಪಿದೆ. ಹಾಗಾಗಿ ಬೇಕಿದ್ದರೆ ಅಲ್ಲೇ ಇಳಿದು, ಬೆಂಗಳೂರು ಬಂತು ಅಂದುಕೊಂಡು ಡಾಕ್ಟರನ್ನು ಹುಡುಕಬಹುದು.

ಹೋದ ಸಲ ನಾನೂ ಜೊತೆಗಿದ್ದೆ. ರಾಮನಗರದಲ್ಲಿ ಕಂಡಕ್ಟರ್ ಬಂದರು. ಒಳ್ಳೆಯ ಮನುಷ್ಯ, ಪಾಪ, ಅವರಿಗೇ ಮುಜುಗರ. ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಾ, ಇದು ಇಲ್ಲಿಂದ ಮುಂದಕ್ಕೆ ನಡೆಯಲ್ಲ" ಎಂದರು.

ಅಕ್ಕ ತೊಡೆಯ ಮೇಲೆ ಒರಗಿದ್ದ ಮಗನ ಜೊಲ್ಲು ಒರೆಸುತ್ತಾ, "ಅವನೂ ನಡೆಯಲ್ಲ ಕಣಪ್ಪಾ" ಎಂದಳು.

ತಮಾಷೆ ಅಂದರೆ ಅಕ್ಕನಿಗೆ ಟಿಕೆಟ್ಟೇ ಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದರೆ ಹೆಂಗಸರಿಗೆ ರಾಜ್ಯವೆಲ್ಲ ಫ್ರೀ. ಬೀದರ್‌ಗೆ ಬೇಕಾದರೂ ಹೋಗಲಿ. ನನಗೇನೂ ಹೊಟ್ಟೆಯುರಿ ಇಲ್ಲ, ಒಳ್ಳೆಯ ಯೋಜನೆ. ಆದರೆ ನಡೆಯುವ ತಾಯಿ ಸೊನ್ನೆ ಟಿಕೆಟ್‌ನಲ್ಲಿ ನಿಮ್ಹಾನ್ಸ್ ತಲುಪುತ್ತಾಳೆ. ನಡೆಯಲಾರದ ಮಗನ ಪಾಸ್ ರಾಮನಗರದಲ್ಲಿ ಇಳಿದುಬಿಡುತ್ತದೆ. ಪೇಷಂಟ್ ಯಾರು ಅನ್ನುವುದರಲ್ಲಿ ಎಲ್ಲೋ ಸ್ವಲ್ಪ ಅದಲು ಬದಲಾಗಿದೆ ಅನಿಸುತ್ತದೆ.

ಪುಟ್ಟನಿಗೆ ಕಾಯಿಲೆ ವಾಸಿಯಾಗುವ ಜಾಗ ಅದೊಂದೇ ಅಲ್ಲ. ತಾರೀಖೂ ಇದೆ. ಅವನ ಮೊದಲ ಅಂಗವೈಕಲ್ಯ ಸರ್ಟಿಫಿಕೇಟಿಗೆ ಐದು ವರ್ಷದ ಅವಧಿ ಬರೆದಿದ್ದರು. ಹಾಲಿನ ಪ್ಯಾಕೆಟ್ ಮೇಲೆ ಬರೆದ ಹಾಗೆ. ಐದು ವರ್ಷ ತುಂಬಿದ ಮಾರನೆಯ ಬೆಳಿಗ್ಗೆ ಅಕ್ಕ ಎದ್ದು ನೋಡುತ್ತಾಳೆ, ಮಗ ಹಾಗೇ ಮಲಗಿದ್ದಾನೆ. ಇಲಾಖೆಯ ಪ್ರಕಾರ ಅವನು ಆಗಲೇ ಎದ್ದು ಹಲ್ಲುಜ್ಜಿ ಕಾಫಿ ಕೇಳಬೇಕಿತ್ತು. ಇನ್ನು ವ್ಯತ್ಯಾಸ ಆಗುವುದಿಲ್ಲ ಎಂದು ಕಂಡರೆ ಶಾಶ್ವತ ಸರ್ಟಿಫಿಕೇಟ್ ಕೊಡಬಹುದು ಎಂದು ನಿಯಮದಲ್ಲೇ ಇದೆ. ಅದನ್ನು ಹೇಳಿದರೆ ಕೌಂಟರಿನಲ್ಲಿದ್ದವರು, "ಇರಲಿ ಸರ್, ಯಾವುದಕ್ಕೂ ಒಂದು ಸಲ ಕರೆದುಕೊಂಡು ಬನ್ನಿ, ಏನಾದರೂ ಇಂಪ್ರೂವ್ ಆಗಿದ್ದರೆ?" ಎಂದರು. ನಮ್ಮ ಮನೆಯವರಿಗಿಂತ ಜಾಸ್ತಿ ಆಸೆ ಅವರಿಗೆ.

ಕರೆದುಕೊಂಡು ಬನ್ನಿ ಅನ್ನುವುದು ಹೇಳಲು ಸುಲಭ. ಐದು ವರ್ಷದವನನ್ನು ಅಕ್ಕ ಸೊಂಟದ ಮೇಲೆ ಹೊತ್ತುಕೊಂಡು ಹೋಗಿದ್ದಳು. ಹತ್ತು ವರ್ಷದವನನ್ನು ಬೆನ್ನ ಮೇಲೆ. ಈಗ ಅವನಿಗೆ ಮೀಸೆ ಚಿಗುರಿದೆ, ಅವಳಿಗೆ ಸೊಂಟ ಬಿದ್ದುಹೋಗಿದೆ. ಆ ಕಚೇರಿ ಇರುವುದು ಮೊದಲನೇ ಮಹಡಿಯಲ್ಲಿ. ರ‍್ಯಾಂಪ್ ಇಲ್ಲ ಅಂತ ಮಾತ್ರ ದೂರಬೇಡಿ, ಇದೆ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇಳಿಜಾರು ಇರಬೇಕು ಅನ್ನುವುದು ಲೆಕ್ಕ. ಅಲ್ಲಿ ಮೂರು ಅಡಿ ಎತ್ತರವನ್ನು ಆರೇ ಅಡಿಯಲ್ಲಿ ಮುಗಿಸಿದ್ದಾರೆ. ಗಾಲಿಕುರ್ಚಿ ತಳ್ಳುವವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ವಾಸಿ, ದಾರಿಯಲ್ಲಿ ಸುಧಾರಿಸಿಕೊಳ್ಳಲು ನಂದಿಯಾದರೂ ಇದ್ದಾನೆ. ಕಷ್ಟಪಟ್ಟು ರ‍್ಯಾಂಪ್ ಹತ್ತಿದರೆ ಎದುರಿಗೆ ಲಿಫ್ಟ್. ಅದಕ್ಕೂ ಒಂದು ಬೋರ್ಡ್ ನೇತುಹಾಕಿದ್ದಾರೆ. ಸದ್ಯಕ್ಕೆ ಅಲ್ಲಿ ನಿಜವಾದ ಅಂಗವಿಕಲ ಅಂದರೆ ಆ ಲಿಫ್ಟೇ.

ಕೊನೆಗೆ ನಾನೂ ಭಾವನೂ ಆಳಿಗೊಂದು ಕಡೆ ಹಿಡಿದು, ಮದುವೆಯ ಮೆರವಣಿಗೆಯಂತೆ ಪುಟ್ಟನನ್ನು ಮೇಲಕ್ಕೆ ಹೊತ್ತೆವು. ಅವನಿಗೋ ಖುಷಿ, ದಾರಿಯುದ್ದಕ್ಕೂ ನಗು. ಮೇಲಿದ್ದವರು ತಲೆ ಎತ್ತಿ ನೋಡಿ, "ಹುಡುಗ ಚೆನ್ನಾಗಿದ್ದಾನಲ್ಲ!" ಎಂದರು. ನನಗೆ ಎದೆ ಧಸಕ್ಕೆಂದಿತು. ಚೆನ್ನಾಗಿದ್ದಾನೆ ಅಂತ ಇವರು ಬರೆದುಬಿಟ್ಟರೆ ಶೇಕಡಾ 80 ಇರುವ ಅಂಗವೈಕಲ್ಯ ಇಳಿಯುತ್ತದೆ, ನೀಲಿ ಕಾರ್ಡ್ ಹಳದಿಯಾಗುತ್ತದೆ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ 80 ಅಥವಾ ಅದಕ್ಕೆ ಮೇಲಿದ್ದರೆ ನೀಲಿ, 40ರಿಂದ 80ರೊಳಗೆ ಹಳದಿ, 40ಕ್ಕಿಂತ ಕಡಿಮೆಯಾದರೆ ಬಿಳಿ. ಪುಟ್ಟನ ಕಿವಿಯಲ್ಲಿ "ನಗಬೇಡ ಕಣೋ, ಸ್ವಲ್ಪ ಹೊತ್ತು ತಡಕೋ" ಎಂದೆ. ಮಗ ಚೆನ್ನಾಗಿ ಕಾಣಲಿ ಅಂತ ಅಕ್ಕ ಬೆಳಿಗ್ಗೆ ತಲೆ ಬಾಚಿ, ಪೌಡರ್ ಹಾಕಿ, ಇಸ್ತ್ರಿ ಶರ್ಟ್ ತೊಡಿಸಿದ್ದಳು. ತಪ್ಪು ಅವಳದ್ದೇ.

ಆಧಾರ್ ಕಥೆ ಬೇರೆ. 15 ತುಂಬಿದ ಮೇಲೆ ಎಲ್ಲ ಮಕ್ಕಳೂ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಪುಟ್ಟನ ಮುಷ್ಟಿ ಬಿಚ್ಚಬೇಕಾದರೆ ಅವನಮ್ಮ ಹಾಡು ಹೇಳಬೇಕು. ಬಿಚ್ಚಿದರೂ ನಾಲ್ಕು ಬೆರಳು ಗಾಜಿನ ಮೇಲೆ ಒಟ್ಟಿಗೆ ಕೂರುವುದಿಲ್ಲ. ಸೆಂಟರಿನ ಹುಡುಗ, "ಅಲ್ಲಾಡಬೇಡ, ನೇರ ನೋಡು" ಎಂದು ಎಂಟು ಸಲ ಹೇಳಿದ. ಅಲ್ಲಾಡದೆ ನೇರ ನೋಡುವುದು ಬಂದಿದ್ದರೆ ನಾವ್ಯಾಕಪ್ಪಾ ಇಲ್ಲಿ ನಿಲ್ಲುತ್ತಿದ್ದೆವು? ಇಂಥವರಿಗೆ ವಿನಾಯಿತಿ ಇದೆ, ಬೆರಳಚ್ಚು ಸಿಗದಿದ್ದರೂ ನೋಂದಾಯಿಸಬಹುದು. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. "ನಾಳೆ ಬನ್ನಿ, ನಾಳೆ ಬರಬಹುದು" ಎಂದ. ಸರ್ವರ್ ಬರಬಹುದು ಎಂದನೋ ಬೆರಳು ಬರಬಹುದು ಎಂದನೋ ಕೇಳಲಿಲ್ಲ.

ವಿಮೆಯೂ ಉಂಟು. ಕೇಂದ್ರ ಸರ್ಕಾರದ ಒಂದು ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಬಿಲ್ ಕಳಿಸಿ ಕಾಯಬೇಕು. ಹೆಸರು ನಿರಾಮಯ. ಅಂದರೆ ಕಾಯಿಲೆ ಇಲ್ಲದಿರುವುದು. ನೋಡಿ, ಹೆಸರಿನಲ್ಲೇ ವಾಸಿ ಮಾಡಿಬಿಟ್ಟಿದ್ದಾರೆ.

ಆದರೂ ಪುಟ್ಟ ಪುಣ್ಯವಂತ. 2016ರ ಕಾನೂನಿನ ಪಟ್ಟಿಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಅವನಿಗೊಂದು ಸೀಟಿದೆ. ಮಂಡ್ಯದಲ್ಲಿ ನನ್ನ ಸ್ನೇಹಿತನ ಮಗಳಿಗೆ ಟೈಪ್ 1 ಶುಗರ್. ಹತ್ತು ವರ್ಷದ ಹುಡುಗಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆ ಪಟ್ಟಿಯಲ್ಲಿ ಅವಳಿಗೆ ಜಾಗವಿಲ್ಲ. ಸಕ್ಕರೆ ನಾಡಿನಲ್ಲಿ ಹುಟ್ಟಿ ಸಕ್ಕರೆ ಜಾಸ್ತಿ ಅಂತ ದೂರಿದರೆ ಯಾರು ಕೇಳುತ್ತಾರೆ? ಆದರೆ ನೆಂಟರು ಕೈಬಿಟ್ಟಿಲ್ಲ. ಮನೆಗೆ ಬಂದವರೆಲ್ಲ ಹಾಗಲಕಾಯಿ ರಸ ಕುಡಿಸಿ ಎಂದು ಹೇಳಿ, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡು ಹೋಗುತ್ತಾರೆ.

ಡಿಸೆಂಬರ್ 3 ಬಂದರೆ ಮಾತ್ರ ನಮಗೆ ಎಲ್ಲಿಲ್ಲದ ಮರ್ಯಾದೆ. ಅವತ್ತು ವಿಶ್ವ ಅಂಗವಿಕಲರ ದಿನ. ಶಾಮಿಯಾನಾ, ಹೂವು, ಬ್ಯಾನರ್. ಹೋದ ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಎಂದಿದ್ದರು, ಅತಿಥಿಗಳು ಬಂದಿದ್ದು ಹನ್ನೆರಡೂವರೆಗೆ. ಪುಟ್ಟನ ಡೈಪರ್‌ಗೆ ಅಷ್ಟು ಹೊತ್ತಿನ ತಾಳ್ಮೆ ಇರಲಿಲ್ಲ. ಬದಲಾಯಿಸಲು ಜಾಗ ಕೇಳಿದರೆ ಸ್ವಯಂಸೇವಕ ವೇದಿಕೆಯ ಹಿಂದಕ್ಕೆ ಕೈ ತೋರಿಸಿದ. ಭಾಷಣದಲ್ಲಿ ಅತಿಥಿಗಳು, ಇವರನ್ನು ಅಂಗವಿಕಲರು ಅನ್ನಬಾರದು, ವಿಶೇಷಚೇತನರು ಅನ್ನಬೇಕು ಎಂದು ಬುದ್ಧಿ ಹೇಳಿದರು. ಇಂಥ ಮಕ್ಕಳ ತಾಯಂದಿರು ದೇವರ ಸಮಾನ ಎಂದೂ ಹೇಳಿದರು. ದೇವರು ಆ ಹೊತ್ತಿನಲ್ಲಿ ವೇದಿಕೆಯ ಹಿಂದೆ, ಸೀರೆ ಸೆರಗನ್ನು ಮರೆ ಹಿಡಿದು, ಡೈಪರ್ ಬದಲಾಯಿಸುತ್ತಿದ್ದಳು.

ಬಸ್ಸಿನ ಕಥೆ ಅರ್ಧಕ್ಕೇ ಬಿಟ್ಟೆ. ನಿಮ್ಹಾನ್ಸ್‌ನಲ್ಲಿ ಹೊಸ ಮಾತ್ರೆ ಬರೆಸಿಕೊಂಡು ಸಂಜೆ ಮೈಸೂರು ಬಸ್ ಹತ್ತಿದೆವು. ಪುಟ್ಟನಿಗೆ ರಾಮನಗರದವರೆಗೆ ಟಿಕೆಟ್ ತೆಗೆಸಿದೆ. ಅಲ್ಲಿಯವರೆಗೆ ಅವನು ಆರೋಗ್ಯವಂತ. ರಾಮನಗರ ಬಂದಾಗ ಕತ್ತಲಾಗಿತ್ತು. ಕಂಡಕ್ಟರ್ ಲೈಟ್ ಹಾಕಿ, ನಮ್ಮ ಸೀಟಿನ ಹತ್ತಿರ ಬಂದು, "ಪಾಸ್ ತೆಗೀರಿ ಅಕ್ಕಾ, ಇಲ್ಲಿಂದ ನಡೆಯುತ್ತೆ" ಎಂದರು.

ಅಕ್ಕನಿಗೆ ತೂಕಡಿಕೆ. ಬೆಚ್ಚಿ ಎದ್ದು, ಮೊದಲು ಮಗನ ಕಾಲು ಮುಟ್ಟಿ ನೋಡಿದಳು.