ಪಾದ ಬಿಟ್ಟರೆ ಗತ್ಕಾ ಇಲ್ಲ
ಗತ್ಕಾ ಅಂದರೆ ಸಿಖ್ಖರ ಕೋಲು-ಕತ್ತಿಯ ಕದನಕಲೆ. ಅದರ ಚಿತ್ರೀಕರಣಕ್ಕೆ ಸೆಕೆಂಡಿಗೆ 120 ಫ್ರೇಮಿನ ಸ್ಲೋಮೋಷನ್ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ಲಂಡನ್ನಿನ ಸೌತಾಲ್ ಕಡೆಯ ಹಾಲ್‌ಗಳಲ್ಲಿ ಇದೇ ಕೈಕೊಡುವುದು. ಬ್ರಿಟನ್ನಿನ ವಿದ್ಯುತ್ 50 ಹರ್ಟ್ಸ್. ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಟುಕುತ್ತದೆ, 120 ಅದಕ್ಕೆ ಹೊಂದದೆ ಚಿತ್ರವೂ ಮಿನುಗುತ್ತದೆ. 50 ಫ್ರೇಮ್, ಶಟರ್ 1/100 ಸೆಕೆಂಡ್ ಇಡಿ. ಕೆನಡಾದಲ್ಲಾದರೆ ವಿದ್ಯುತ್ 60 ಹರ್ಟ್ಸ್, ಹಾಗಾಗಿ 60 ಫ್ರೇಮ್ ಮತ್ತು 1/120.

ಚಕ್ಕರ್ ಎಂಬ ತಿರುಗಿಸುವ ಆಯುಧ ಬೇರೆಯೇ ತಲೆನೋವು. ಗಾಡಿಚಕ್ರದ ಕಡ್ಡಿಗಳಂತೆ ಹರಡಿದ ಹಗ್ಗ, ತುದಿಗೆ ಭಾರದ ಗುಂಡು. ಗಿರ್ರನೆ ತಿರುಗುವಾಗ ಚಿತ್ರವನ್ನು ಸಾಲುಸಾಲಾಗಿ ಸೆರೆಹಿಡಿಯುವ ಫೋನಿನ ರೋಲಿಂಗ್ ಶಟರ್‌ನಲ್ಲಿ ಹಗ್ಗಗಳೆಲ್ಲ ಬಾಳೆಹಣ್ಣಿನಂತೆ ಬಾಗಿರುತ್ತವೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಕ್ಲೋಸಪ್ ವ್ಯಾಮೋಹ. ಕತ್ತಿಯ ಹೊಳಪಿಗೆ ಮರುಳಾಗಿ ಪಾದವನ್ನೇ ಚೌಕಟ್ಟಿನಿಂದ ಹೊರಗಟ್ಟುತ್ತಾರೆ. ಗತ್ಕಾದ ಜೀವವೇ ಪೈಂತರಾ, ಹೆಜ್ಜೆಯ ವರಸೆ. ಕೋಲು, ಫರ್ರಿ ಗುರಾಣಿ, ಪಾದ ಮೂರೂ ಒಟ್ಟಿಗೆ ಕಾಣಬೇಕು. ಹಾಂ, ನಗಾರಿ ಪಕ್ಕ ಮೈಕ್ ಇಡಬೇಡಿ, ಧ್ವನಿ ಒಡೆಯುತ್ತದೆ.