ಗುಪ್ತಾಂಗದ ಮೇಲೆ ಕಪ್ಪು ಚುಕ್ಕೆ ಅಂದ್ರೆ ಲೈಂಗಿಕ ರೋಗಾನೇ ಅಂತಲ್ಲ

"ಗುಪ್ತಾಂಗದಲ್ಲಿ ಕಪ್ಪು ಚುಕ್ಕೆ ಬಂದ್ರೆ ಲೈಂಗಿಕ ರೋಗಾನೇ, ನಿಂಬೆರಸ ಹಚ್ಚಿದ್ರೆ ಹೋಗತ್ತೆ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಎರಡೂ ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಆ ಜಾಗದ ಚರ್ಮ ಉಳಿದ ಮೈಗಿಂತ ಕಪ್ಪಗಿರೋದು ಸಹಜ, ಅದ್ರ ಮೇಲೆ ಶೇವ್ ಮಾಡುವಾಗ ಗಾಯ ಆಗಿದ್ರೆ, ಫಂಗಸ್ ಇನ್ಫೆಕ್ಷನ್ ಆಗಿ ಕೆರ್ಕೊಂಡಿದ್ರೆ ವಾಸಿಯಾದ್ಮೇಲೂ ಕಲೆ ತಿಂಗಳುಗಟ್ಲೆ ಉಳಿಯತ್ತೆ. ವೃಷಣದ ಚೀಲದ ಮೇಲೋ ಯೋನಿಯ ಹೊರತುಟಿ ಮೇಲೋ ಗುಂಡುಸೂಜಿ ತಲೆಯಷ್ಟು ಕಡುಗೆಂಪು ಇಲ್ಲಾ ಕಪ್ಪು ಗುಳ್ಳೆ ಇದ್ರೆ ಅದು ಎಷ್ಟೋ ಸಲ ಹಿಗ್ಗಿದ ರಕ್ತನಾಳ ಅಷ್ಟೇ, ಆಂಜಿಯೋಕೆರಟೋಮಾ ಅಂತಾರೆ, ಒಬ್ರಿಂದ ಒಬ್ರಿಗೆ ಅಂಟಲ್ಲ. ನಿಂಬೆರಸದಿಂದ ಚರ್ಮ ಸುಟ್ಟು ಕಲೆ ಇನ್ನೂ ಕಪ್ಪಾಗ್ಬಹುದು, ಸ್ಟೀರಾಯ್ಡ್ ಕ್ರೀಮಂತೂ ಡಾಕ್ಟರ್ ಹೇಳ್ದೆ ಹಚ್ಲೇಬೇಡಿ, ಚರ್ಮ ತೆಳುವಾಗತ್ತೆ.

ಹಾಗಂತ ಸುಮ್ನಿರಿ ಅಂತಲ್ಲ. ಚುಕ್ಕೆ ದೊಡ್ಡದಾಗ್ತಿದ್ರೆ, ಅಂಚು ಅಡ್ಡಾದಿಡ್ಡಿ ಇದ್ರೆ, ಒಂದ್ರಲ್ಲೇ ಎರಡ್ಮೂರು ಬಣ್ಣ ಕಂಡ್ರೆ, ರಕ್ತ ಬಂದ್ರೆ, ಹುಣ್ಣಾದ್ರೆ ಸ್ಕಿನ್ ಡಾಕ್ಟರ್‌ಗೆ ತೋರಿಸಿ. ಹುಣ್ಣು ನೋಯ್ತಿಲ್ಲ ಅಂತ ಬಿಡ್ಬೇಡಿ, ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಹುಣ್ಣೂ ಸಾಮಾನ್ಯವಾಗಿ ನೋಯಲ್ಲ. ಮೆಲನೋಮಾ ಅನ್ನೋ ಕ್ಯಾನ್ಸರ್ ಅಲ್ಲಿ ಬರೋದು ಅಪರೂಪ, ಆದ್ರೆ ನಾಚ್ಕೊಂಡು ಮುಚ್ಚಿಟ್ರೆ ಗೊತ್ತಾಗೋದೇ ತಡ ಆಗತ್ತೆ. ಡಾಕ್ಟರ್‌ಗೆ ಅನುಮಾನ ಬಂದ್ರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಚೂರು ಚರ್ಮ ತೆಗೆದು ಬಯಾಪ್ಸಿಗೆ, ಅಂದ್ರೆ ಲ್ಯಾಬ್‌ನಲ್ಲಿ ಪರೀಕ್ಷೆಗೆ, ಕಳಿಸ್ತಾರೆ.