ಕೋಲ್ಡ್ ರೂಮಿನಲ್ಲಿ ಮೆಣಸಿನ ಗಿಡ

ಊರಿನ ಹಿತ್ತಲಲ್ಲಿ ಹಕ್ಕಿ ಉದುರಿಸಿ ಹೋದ ಬೀಜದಿಂದ ಎದ್ದ ಸೂಜಿಮೆಣಸು, ಯಾರೂ ತಿರುಗಿ ನೋಡದಿದ್ದರೂ ಎರಡು ಮೂರು ವರ್ಷ ಕಾಯಿ ಬಿಡುತ್ತದೆ. ಟೊರಾಂಟೊದಲ್ಲಿ ಒಂದು ರಾತ್ರಿ ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವ ಚಳಿ, ಬಿದ್ದರೆ ಸಾಕು, ಬೆಳಿಗ್ಗೆ ಎಲೆಯೆಲ್ಲ ಬೇಯಿಸಿಟ್ಟ ಸೊಪ್ಪಿನ ಹಾಗೆ.

ಹಾಗಾಗಿ ರಾತ್ರಿ 10 ಡಿಗ್ರಿಗೆ ಇಳಿಯುತ್ತಿದ್ದಂತೆ ಗಿಡ ಒಳಗೆ ಬರಬೇಕು. ಅದಕ್ಕೂ ಮೊದಲು ಕಾಯಿ ಕಿತ್ತು, ಎಲೆ ಸವರಿ, ಒಂದೆರಡು ಕವಲು ಮಾತ್ರ ಉಳಿಸಿ, ಬೇರಿನ ಹಳೇ ಮಣ್ಣು ತೊಳೆದು ಸಣ್ಣ ಪಾಟಿಗೆ ಹಾಕಬೇಕು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, "ಕಾಯಿ ಬಿಡ್ತಿರೋ ಗಿಡಾನ ಹೀಗೆ ಬೋಳಿಸ್ತಾರೇನೋ?" ಅಂದರು.

ಬೇಸ್‌ಮೆಂಟ್ ತಂಪು ಅಂತಾರೆ, ನಮ್ಮದರಲ್ಲಿ ಮನೆ ಬಿಸಿ ಮಾಡುವ ಫರ್ನೇಸ್ ಇದೆ. ಅದರ ಬಿಸಿಗೆ, ಚಳಿಗಾಲ ಪೂರ್ತಿ ಮಲಗಬೇಕಾದ ಗಿಡ ಎದ್ದು ಬಿಳಿಚಿಕೊಂಡು ಚಿಗುರಿತು. ಗ್ಯಾರೇಜಿನಲ್ಲೋ, ಜನವರಿಯಲ್ಲಿ ನೀರಿನ ಬಾಟಲಿಯೇ ಹೆಪ್ಪುಗಟ್ಟುತ್ತದೆ. ಉಳಿದದ್ದು ಬಿಸಿ ಹಾಯದ ಕೋಲ್ಡ್ ರೂಮ್, ಅಂದರೆ ಸೋನಾ ಮಸೂರಿ ಮೂಟೆ ಮತ್ತು ಉಪ್ಪಿನಕಾಯಿ ಜಾಡಿಗಳ ಜಾಗ. ಅಲ್ಲಿ 12-13 ಡಿಗ್ರಿ ಇರಬೇಕಾದರೆ ಮನೆಯ ಬಿಸಿ ಒಳಬರುವಂತೆ ಬಾಗಿಲು ಚೂರು ತೆರೆದಿಡಬೇಕು. ನಾನು ತೆರೆಯುವುದು, ಹೆಂಡತಿ ಗ್ಯಾಸ್ ಬಿಲ್ ನೆನಪಿಸಿ ಮುಚ್ಚುವುದು, ಹೀಗೇ ಡಿಸೆಂಬರ್ ಕಳೆಯಿತು.

ಆಮೇಲೆ ಸಸ್ಯಹೇನು. ಟಿಕೆಟ್ ಇಲ್ಲದೆ ಗಿಡದ ಜೊತೆಗೇ ಬಂದಿದ್ದವು. ಇವುಗಳ ಹೆಣ್ಣಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯ ರಗಳೆಯೂ ಬೇಡ, ನೇರ ಮರಿಯನ್ನೇ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೂ ತಾಯಿಯಾಗುತ್ತದೆ. ಹೊರಗಾದರೆ ಇವನ್ನು ತಿನ್ನಲು ಗುಲಗಂಜಿ ಹುಳು ಇರುತ್ತದೆ. ಒಳಗೆ ನಾನೊಬ್ಬನೇ. ಚಿಗುರಿನ ತುದಿ ತಿರುಗಿಸಿದರೆ ತಿಳಿಹಸಿರು ಚುಕ್ಕೆಗಳು ಒತ್ತೊತ್ತಾಗಿ ಕೂತಿವೆ, ಕೆಳಗಿನ ಅಕ್ಕಿ ಮೂಟೆ ಮೇಲೆಲ್ಲ ಅವುಗಳ ಅಂಟು. ಅದು ಕಂಡ ದಿನ ಮನೆಯಲ್ಲಿ ಆದ ಮಾತುಕತೆ ಬರೆಯುವಂಥದ್ದಲ್ಲ. ಗಿಡಕ್ಕೆ ಬಾತ್‌ಟಬ್‌ನಲ್ಲಿ ಸೋಪು ನೀರಿನ ಸ್ನಾನ ಆಯಿತು. ಬಾತ್‌ಟಬ್ ಬಗ್ಗೆ ಬೇರೆ ಮಾತುಕತೆ ನಡೆಯಿತು.

ವಿಕ್ಟೋರಿಯಾ ಡೇ ಹೊತ್ತಿಗೆ, ಅಂದರೆ ಮೇ ಮೂರನೇ ವಾರ ದಾಟಿದ ಮೇಲೆ, ಫ್ರಾಸ್ಟ್ ಭಯ ಹೆಚ್ಚುಕಮ್ಮಿ ಮುಗಿದಂತೆ. ಆದರೂ ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ಇವತ್ತು ಒಂದು ಗಂಟೆ, ನಾಳೆ ಎರಡು ಅಂತ ಪಾಟು ಹೊತ್ತುಕೊಂಡು ತಿರುಗಾಟ. ಫಲವೂ ಸಿಕ್ಕಿತು ಅನ್ನಿ, ಹೊಸ ಸಸಿಗಳು ಹೂ ಬಿಡುವ ಮೊದಲೇ ನಮ್ಮದರಲ್ಲಿ ಕಾಯಿ.

ಬೇಲಿಯಾಚೆಯಿಂದ ಇದನ್ನೆಲ್ಲ ಮೆಚ್ಚಿಕೊಂಡ ಪಕ್ಕದ ಮನೆ ಅಜ್ಜ, ಚಳಿ ತಪ್ಪಿಸಿಕೊಳ್ಳಲು ಫ್ಲಾರಿಡಾಕ್ಕೆ ಹೊರಡುವ ಮೊದಲು ತನ್ನ ಹಬನೇರೊ ಎಂಬ ಭಾರೀ ಖಾರದ ಮೆಣಸಿನ ಗಿಡಗಳನ್ನೂ ತಂದು ನಮ್ಮ ಬಾಗಿಲಲ್ಲಿಟ್ಟರು. ಅವರಿಗೆ ಖಾರ ಆಗುವುದಿಲ್ಲ, ಬಣ್ಣ ಚೆಂದ ಅಂತ ಸುಮ್ನೆ ಬೆಳೆಸುತ್ತಾರೆ. ಎಲೆ ತಿರುಗಿಸಿ ನೋಡಿದೆ. ಇದ್ದವು.

ಹೆಂಡತಿ ಅಕ್ಕಿ ಮೂಟೆಯನ್ನು ಬೆಡ್‌ರೂಮಿಗೆ ಸಾಗಿಸಿದ್ದಾಳೆ.